ಸ್ಥಳನಾಮದಲ್ಲಿ ಅಪಾಸ್ಟ್ರಫಿ: ಉಳಿಸೋದಾ, ಬಿಡೋದಾ?

ಲಂಡನ್ನಿನ ಪಿಕಡಿಲಿ ಮೆಟ್ರೋ ಮಾರ್ಗದಲ್ಲಿ ಅರ್ಲ್ಸ್ ಕೋರ್ಟ್, ಬ್ಯಾರನ್ಸ್ ಕೋರ್ಟ್ ಅಕ್ಕಪಕ್ಕದ ನಿಲ್ದಾಣಗಳು. ಮೊದಲನೆಯದರ ಇಂಗ್ಲಿಷ್ ಫಲಕದಲ್ಲಿ (Earl's Court) ಅಪಾಸ್ಟ್ರಫಿ, ಅಂದರೆ ಒಡೆತನ ಸೂಚಿಸಲು s ಅಕ್ಷರದ ಮುಂಚೆ ಹಾಕುವ ' ಚಿಹ್ನೆ ಇದೆ, ಎರಡನೆಯದರಲ್ಲಿ ಇಲ್ಲ. ರೈಲು ಎರಡೂ ಕಡೆ ನಿಲ್ಲುತ್ತದೆ!

ಬಿಡುವ ಪಕ್ಷದಲ್ಲಿ ಅಮೆರಿಕವೇ ಹಿರಿಯಣ್ಣ. ಅಲ್ಲಿನ ಭೌಗೋಳಿಕ ಹೆಸರುಗಳ ಮಂಡಳಿ 1890ರಲ್ಲಿ ಹುಟ್ಟಿದಾಗಿನಿಂದ ಈ ಚಿಹ್ನೆಗೆ ಸೊಪ್ಪು ಹಾಕಿಲ್ಲ. ಚಿಹ್ನೆ ಇದ್ದರೆ ಜಾಗ ಯಾರದೋ ಖಾಸಗಿ ಸ್ವತ್ತು ಅನ್ನಿಸುತ್ತದಂತೆ. ವಿನಾಯಿತಿ ಸಿಕ್ಕಿದ್ದು ಐದೇ ಹೆಸರುಗಳಿಗೆ. 1933ರಲ್ಲಿ ಗೆದ್ದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪ ಅದರಲ್ಲೊಂದು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರಸಭೆಯೂ 2009ರಲ್ಲಿ ಬಿಟ್ಟಿತು. 2024ರಲ್ಲಿ ನಾರ್ತ್ ಯಾರ್ಕ್‌ಷೈರ್ ಕೌಂಟಿಯ ಆಡಳಿತವೂ ಬಿಡಲು ಹೊರಟಾಗ ಕೊಟ್ಟ ಕಾರಣ ಕಂಪ್ಯೂಟರ್: ವಿಳಾಸ ಹುಡುಕುವಾಗ ಚಿಹ್ನೆಗಳು ತೊಡಕಾಗುತ್ತವೆ ಎಂದು.

ಉಳಿಸುವವರ ಹಟ ಬೇರೆ. ಅದೇ ನಾರ್ತ್ ಯಾರ್ಕ್‌ಷೈರಿನ ಹ್ಯಾರೊಗೇಟ್‌ನ ಸೇಂಟ್ ಮೇರೀಸ್ ವಾಕ್ ಬೀದಿಗೆ ಚಿಹ್ನೆಯಿಲ್ಲದ ಹೊಸ ಫಲಕ ಬಂದಾಗ ಯಾರೋ ಪೆನ್ನಿನಲ್ಲಿ ಬರೆದೇಬಿಟ್ಟರು. ಕೇಂಬ್ರಿಡ್ಜ್‌ನಲ್ಲೂ ಇದೇ ಮಾರ್ಕರ್ ಚಳವಳಿ. 2014ರಲ್ಲಿ ನಗರಸಭೆಯೇ ಚಿಹ್ನೆ ಬಿಡುವ ನಿಯಮ ಹಿಂತೆಗೆದುಕೊಂಡಿತು.

ನನಗೆ ಕಂಪ್ಯೂಟರ್ ವಾದ ಪೊಳ್ಳು ಅನ್ನಿಸುತ್ತದೆ. ಹುಡುಕುವಾಗ ಚಿಹ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ತಂತ್ರಾಂಶಕ್ಕೆ ಹೇಳುವುದು ದೊಡ್ಡ ಕೆಲಸವಲ್ಲ. ಹಳೆಯ ಬೀದಿಯಾದರೆ ಫಲಕದಲ್ಲಿ ಉಳಿಸಿ, ಹುಡುಕಾಟದಲ್ಲಿ ಎರಡೂ ರೂಪ ಒಪ್ಪಿ. ಹೊಸ ಬಡಾವಣೆಗೆ ಹೆಸರಿಡುವವರಿಗಂತೂ ಚಿಹ್ನೆಯೇ ಬೇಡದ ಹೆಸರು ಹುಡುಕುವ ಸ್ವಾತಂತ್ರ್ಯವಿದೆ.