ಘಟ್ಟದಲ್ಲಿ ನಿಂತವನನ್ನು "ಎಲ್ಲಿದ್ದೀರಿ?" ಅಂತ ಕೇಳಿದರೆ

ಹೋದ ಮಳೆಗಾಲದಲ್ಲಿ ಕುಮಟಾದಿಂದ ಶಿರಸಿಗೆ ಬರುತ್ತಿದ್ದೆ. ದೇವಿಮನೆ ಘಟ್ಟದಲ್ಲಿ ಮುಂದಿದ್ದ ಬೈಕ್ ಜಾರಿ ಚರಂಡಿಗೆ ಬಿತ್ತು. 112ಕ್ಕೆ ಫೋನ್ ಮಾಡಿದೆ. "ಎಲ್ಲಿದ್ದೀರಿ?" ಅಂದರು. "ಘಟ್ಟದಲ್ಲಿ" ಅಂದೆ. ಘಟ್ಟದಲ್ಲಿ ಎಲ್ಲಿ? ಸುತ್ತ ಮಂಜು, ಮರ, ತಿರುವು, ಮತ್ತೊಂದು ತಿರುವು. ಬೈಕಿನವನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಮಳೆ ನಿಂತ ಮೇಲೆ ಭಾವನ ಜೊತೆ ಸೇರಿ ಪರೀಕ್ಷೆ ಮಾಡಿದೆ. 112ಕ್ಕೆ ಸುಮ್ನೆ ಕರೆ ಮಾಡುವ ಹಾಗಿಲ್ಲ. ಅದಕ್ಕೆ ಭಾವನೇ ಪೊಲೀಸ್. ಅವನು ಕುಮಟಾದಲ್ಲಿ ಕೂತ, ನಾನು ಕತಗಾಲದಿಂದ ಮೇಲೆ ಹತ್ತಿದೆ.

ಮೊದಲು ವಾಟ್ಸಾಪ್ ಲೈವ್ ಲೊಕೇಶನ್. 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಆಯ್ಕೆ ಇವೆ. ಪೇಟೆಯಲ್ಲಿ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಆದರೆ ಘಟ್ಟದಲ್ಲಿ ಇಂಟರ್ನೆಟ್ ಹೋಯಿತು. ನಾನು ಅರ್ಧ ಘಟ್ಟ ಹತ್ತಿದ್ದರೂ ಭಾವನ ಫೋನಿನಲ್ಲಿ ನಾನಿನ್ನೂ ಕತಗಾಲದಲ್ಲೇ! ಚುಕ್ಕೆ ನಿಂತಿದೆ ಅಂತ ಸಣ್ಣ ಅಕ್ಷರದಲ್ಲಿ ಬರುತ್ತದೆ, ಗಾಬರಿಯಲ್ಲಿ ಅದನ್ನು ಯಾರು ಓದುತ್ತಾರೆ? ಚುಕ್ಕೆಯೇ ಇಲ್ಲದಿದ್ದರೆ ಫೋನ್ ಮಾಡಿ ಕೇಳಿಯಾರು. ಹಳೇ ಚುಕ್ಕೆ ಇದ್ದರೆ ಅಲ್ಲಿಗೇ ಗಾಡಿ ಕಳಿಸುತ್ತಾರೆ.

ಗೂಗಲ್‌ನ ಪ್ಲಸ್ ಕೋಡ್ ಅಂದರೆ ಒಂದು ಜಾಗಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿ ಕೊಟ್ಟ ಪುಟ್ಟ ವಿಳಾಸ. ಅದು ಇಂಟರ್ನೆಟ್ ಇಲ್ಲದೆಯೂ ಸಿಗುತ್ತದೆ. ಸುಮಾರು 14 ಮೀಟರ್ ಉದ್ದಗಲದ ಚೌಕ ತೋರಿಸುತ್ತದೆ. ಅರ್ಥವಿರುವ ಪದ ಆಗಬಾರದು ಅಂತ ಅದರಲ್ಲಿ ಎ, ಇ, ಐ, ಓ, ಯು ಇಟ್ಟಿಲ್ಲ, ಜಾಣತನ. ಆದರೆ ಗಾಳಿಯಲ್ಲಿ ಕೂಗಿ ಹೇಳುವಾಗ ಸಿ, ಜಿ, ಪಿ, ವಿ ನಾಲ್ಕೂ ಒಂದೇ ಥರ ಕೇಳುತ್ತವೆ. ಭಾವ ಮೂರು ಸಲ ಬರೆದ, ಮೂರೂ ಬೇರೆ ಬೇರೆ.

112ರ ಆ್ಯಪ್ ಹಾಕಿಕೊಂಡಿದ್ದೇನೆ. ಒತ್ತಿ ನೋಡುವ ಹಾಗಿಲ್ಲವಲ್ಲ, ಅದಕ್ಕೆ ಅಂಕ ಕೊಡುವುದಿಲ್ಲ. ಪವರ್ ಬಟನ್ ಬೇಗ ಬೇಗ ಒತ್ತಿದರೂ ತುರ್ತು ಕರೆ ಹೋಗುತ್ತದೆ. ನನ್ನ ಫೋನಿಗೆ ಐದು ಸಲ, ಹೆಂಡತಿಯದಕ್ಕೆ ಮೂರು ಸಲ. ಆಯಿಯ ಕೀಪ್ಯಾಡ್ ಫೋನಿನಲ್ಲಿ 5 ಒತ್ತಿ ಹಿಡಿಯಬೇಕು. ನಿಮ್ಮದು ಎಷ್ಟು ಅಂತ ಈಗಲೇ ನೋಡಿಟ್ಟುಕೊಳ್ಳಿ.

ಇನ್ನು ಅಕ್ಷಾಂಶ, ರೇಖಾಂಶ. ಹೈಸ್ಕೂಲು ಭೂಗೋಳದ ಪದ ಕೇಳಿ ಭಾವ ನಕ್ಕ. ಗೂಗಲ್ ಮ್ಯಾಪ್‌ನಲ್ಲಿ ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಜಿಪಿಎಸ್ ಉಪಗ್ರಹದ್ದು, ಅದಕ್ಕೆ ಟವರ್ ಬೇಕಿಲ್ಲ. ದಟ್ಟ ಮರದಡಿ ಸ್ವಲ್ಪ ತಡ ಮಾಡುತ್ತದೆ, ಬಯಲಿಗೆ ಬಂದು ಒಂದು ನಿಮಿಷ ನಿಲ್ಲಬೇಕು. ದಶಮಾಂಶದ ನಂತರ ನಾಲ್ಕು ಅಂಕಿ ಹೇಳಿದರೆ ಸಾಕು, ಸುಮಾರು 11 ಮೀಟರ್ ಒಳಗೆ ಬರುತ್ತೀರಿ. ಅಂಕಿ ಕನ್ನಡದಲ್ಲಿ ಹೇಳಬಹುದು, ತಪ್ಪು ಕೇಳಿಸುವುದು ಕಡಿಮೆ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಎಲ್ಲವೂ 14 ಮತ್ತು 74ರಿಂದಲೇ ಶುರು. 73 ಅಂತ ಬಂದರೆ ಎಲ್ಲೋ ಎಡವಿದ್ದೀರಿ. ಭಾವ ಒಂದೇ ಸಲಕ್ಕೆ ಸರಿ ಬರೆದ.

ನನಗೆ ಇದೇ ಹಿಡಿಸಲು ಇನ್ನೊಂದು ಕಾರಣ ಇದೆ. ಫೋನಿನಲ್ಲಿ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂತ ಬಂದರೆ, ನಿಮ್ಮ ಕಂಪನಿಯ ಟವರ್ ಇಲ್ಲ, ಬೇರೆಯವರದ್ದು ಇದೆ ಅಂತ ಅರ್ಥ. ಆಗ 112ಕ್ಕೆ ಕರೆ ಹೋಗುತ್ತದೆ. ವಾಟ್ಸಾಪೂ ಹೋಗುವುದಿಲ್ಲ, ಮೆಸೇಜೂ ಹೋಗುವುದಿಲ್ಲ. ಬಾಯಲ್ಲಿ ಹೇಳಲು ಬರುವುದಷ್ಟೇ ಆಚೆ ಮುಟ್ಟುತ್ತದೆ.

ಆಯಿ ಮಾತ್ರ ಒಪ್ಪಲಿಲ್ಲ. "ದೇವಿಮನೆ ದೇವಸ್ಥಾನದಿಂದ ಕೆಳಗೆ ಎಷ್ಟನೇ ತಿರುವು ಅಂದ್ರೆ ಸಾಕಲ್ವಾ?" ಅಂದಳು. ಸಾಕು, ತಿರುವು ಎಣಿಸಿದ್ದರೆ. ಕಿಲೋಮೀಟರ್ ಕಲ್ಲೂ ಒಳ್ಳೆಯದೇ, ರಸ್ತೆ ಅಗಲ ಮಾಡುವಾಗ ಕಿತ್ತಿರದಿದ್ದರೆ. ಈಗ ನಾನು ಎರಡೂ ಹೇಳುತ್ತೇನೆ, ಸಂಖ್ಯೆ ಮೊದಲು. ಗೋವಾ ಗಡಿಯ ಮಾಜಾಳಿ ಕಡೆ ಹೋದಾಗ ಅದಕ್ಕೂ ಮೊದಲು "ಕರ್ನಾಟಕ, ಕಾರವಾರ ತಾಲೂಕು" ಅನ್ನಬೇಕು. ಅಲ್ಲಿ ಫೋನ್ ಗೋವಾದ ಟವರ್ ಹಿಡಿಯುವುದುಂಟು.