ಎಚ್ಚರಿಕೆ: ದಾವಣಗೆರೆಯಲ್ಲಿ ಮಗುವಿಗೆ ‘ಪ್ಯೂರ್ ಸಾಗವಾನಿ’ ಕಾಟ್ ಕೊಳ್ಳುವವರು ಓದಿ

ಮಗುವಿಗೆ ಕಾಟ್ ನೋಡ್ತಾ ಇರುವವರು ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. 14,500 ರೂಪಾಯಿ ಹೋಯಿತು. ಬೀಗರ ಮನೆಯಲ್ಲಿ ತಲೆ ಎತ್ತದ ಹಾಗಾಯಿತು. ಅದೆಲ್ಲ ಇರಲಿ, ಮಗುವಿಗೆ ಏನಾದರೂ ಆಗಿದ್ದರೆ? ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಬಾಣಂತನ ಮುಗಿಸಿ ತಂಗಿಯನ್ನು ಚಿತ್ರದುರ್ಗಕ್ಕೆ ಕಳಿಸಬೇಕಿತ್ತು. ತವರಿನಿಂದ ತೊಟ್ಟಿಲು ಕೊಟ್ಟು ಕಳಿಸೋದು ನಮ್ಮಲ್ಲಿ ಮೊದಲಿಂದ ಬಂದದ್ದು. ಮಗುವಿಗೆ ಐದು ತಿಂಗಳು ತುಂಬಿತ್ತು, ಹೊರಳೋಕೆ ಶುರು ಮಾಡಿತ್ತು. ತೂಗುವ ತೊಟ್ಟಿಲು ಇನ್ನು ಬೇಡ, ಕಂಬಿ ಇರುವ ಕಾಟ್ ಕೊಡೋಣ, ಬಟ್ಟೆ ಇಡೋಕೆ ಒಂದು ಡ್ರಾಯರ್ ಬೀರುನೂ ಇರಲಿ ಅಂತ ಮನೆಯವರೆಲ್ಲ ಮಾತಾಡಿಕೊಂಡೆವು. ಮಂಡಿಪೇಟೆ, ಅಶೋಕ ರಸ್ತೆ ಎಲ್ಲ ಸುತ್ತಿ ಕೊನೆಗೆ ಒಂದು ದೊಡ್ಡ ಶೋರೂಂನಲ್ಲಿ ತಗೊಂಡೆವು. ಹೆಸರು ಇಲ್ಲಿ ಬರೆಯಲ್ಲ.

ಅಂಗಡಿಯವನು ಕಾಟ್ ಮೇಲೆ ಕೈಯಿಂದ ತಟ್ಟಿ ತೋರಿಸಿದ. “ಪ್ಯೂರ್ ಸಾಗವಾನಿ ಸರ್, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.” ಲಾಕ್ ಒತ್ತಿದರೆ ಒಂದು ಪಕ್ಕದ ಕಟಕಟೆ ಪೂರ್ತಿ ಕೆಳಗೆ ಜಾರುತ್ತೆ, ತಾಯಿ ಬಗ್ಗೋದೇ ಬೇಡ ಅಂದ. ಬಿಲ್ ಕೇಳಿದರೆ, “ಪಕ್ಕಾ ಬಿಲ್ ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ, ಸುಮ್ನೆ ಯಾಕೆ ಸರ್?” ಕೈಗೆ ಬಂದದ್ದು ಒಂದು ಎಸ್ಟಿಮೇಟ್ ಚೀಟಿ. ‘ಕಾಟ್ 1, ಬೀರು 1’, ಕೆಳಗೆ ಮೊತ್ತ, ಅಡಿಯಲ್ಲಿ ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಅಚ್ಚು, ಅಷ್ಟೇ. ಸಾಗವಾನಿ ಅನ್ನೋ ಮಾತು ಆ ಚೀಟಿಯಲ್ಲಿ ಎಲ್ಲೂ ಇಲ್ಲ. ಬಾಯಲ್ಲಿ ಮಾತ್ರ ಸಾಗವಾನಿ!

ಟಾಟಾ ಏಸ್‌ನಲ್ಲಿ ಹಾಕಿ ದುರ್ಗಕ್ಕೆ ಕಳಿಸಿದೆವು. ಒಂದು ರಾತ್ರಿ ತಂಗಿ ಫೋನ್ ಮಾಡಿ ಅಳ್ತಾ ಇದ್ದಳು. ಮಗುವಿನ ಕಾಲು ಕಂಬಿಗಳ ಸಂದಿಯಲ್ಲಿ ತೊಡೆವರೆಗೂ ಹೊರಗೆ ಬಂದು ಸಿಕ್ಕಿಹಾಕಿಕೊಂಡಿತ್ತು. ಎಣ್ಣೆ ಸವರಿ ಬಿಡಿಸಿದರಂತೆ.

ಬೆಳಗ್ಗೆನೇ ಹೋದೆ. ಟೇಪ್ ಹಿಡಿದರೆ ಒಂದು ಸಂದಿ 7 ಸೆಂಟಿಮೀಟರ್, ಪಕ್ಕದ್ದು 9. ಒಂದೇ ಕಾಟ್‌ನಲ್ಲಿ ಒಂದೊಂದು ಅಳತೆ! ಈ ಸಂದಿ 6 ಸೆಂಟಿಮೀಟರಿಗಿಂತ ಜಾಸ್ತಿ ಇರಲೇಬಾರದು. ಯಾಕೆ ಅಂದರೆ ಕಾಲು, ಸೊಂಟ, ಮೈ ಎಲ್ಲ ಜಾರಿ ಹೋಗುತ್ತೆ, ತಲೆ ಮಾತ್ರ ಒಳಗೇ ಉಳಿಯುತ್ತೆ. ಆಮೇಲೆ ಏನಾಗುತ್ತೆ ಅಂತ ನಾನು ಬರೆಯೋದು ಬೇಡ.

ಮಗುವನ್ನು ಎತ್ತಿಕೊಂಡು ಕಾಟ್ ಅಲ್ಲಾಡಿಸಿ ನೋಡ್ತಾ ಇದ್ದ ಹಾಗೆ ಆ ಜಾರುವ ಪಕ್ಕ ದಡಕ್ಕನೆ ಕಳಚಿ ನೆಲಕ್ಕೆ ಬಿತ್ತು. ಪಕ್ಕದ ಬೀದಿಯ ಬಡಗಿಯನ್ನು ಕರೆಸಿದೆವು. ಅವರು ಲಾಕ್‌ನ ಸ್ಕ್ರೂ ತಿರುಗಿಸಿದರೆ ಬಿಗಿಯಾಗೋದೇ ಇಲ್ಲ, ಸುಮ್ನೆ ಸುತ್ತುತ್ತೆ. ಬಿಚ್ಚಿದರು. ತೂತಿನಿಂದ ಕಂದು ಪುಡಿ ಸುರಿಯಿತು. ಅದನ್ನು ಅಂಗೈಗೆ ಹಾಕಿ ಉಜ್ಜಿ ನನ್ನ ಮುಂದೆ ಹಿಡಿದರು. “ಇದು ಸಾಗವಾನಿ ಅಲ್ರೀ. ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ ಹಲಗೆ. ಮೇಲೆ ಪಟ್ಟಿ ಅಂಟಿಸ್ಯಾರ.” ಬೀಗರೆಲ್ಲ ಅಲ್ಲೇ ನಿಂತಿದ್ದರು. ತಂಗಿಯ ಅತ್ತೆ, “ಬಿಡ್ರಿ, ಪಾಪ ಅವರಿಗೇನು ಗೊತ್ತು” ಅಂದರು. ಬೈದಿದ್ದರೂ ಅಷ್ಟು ನೋವಾಗ್ತಾ ಇರಲಿಲ್ಲ.

ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ.

“ಅದು ಇಂಜಿನಿಯರ್ಡ್ ವುಡ್ ಸರ್. ಅದೂ ಮರನೇ ಅಲ್ವಾ?”

ಸಾಗವಾನಿ ಅಂದಿರಲ್ಲ ಅಂದರೆ, “ಸಾಗವಾನಿ ಫಿನಿಶ್ ಅಂದಿದ್ದು. ನೀವು ತಪ್ಪು ಕೇಳಿಸಿಕೊಂಡಿರಿ.” ನಾನು, ನನ್ನ ಹೆಂಡತಿ, ನಮ್ಮಪ್ಪ, ಮೂವರೂ ತಪ್ಪು ಕೇಳಿಸಿಕೊಂಡೆವಾ? ಕಾಲು ಸಿಕ್ಕಿಕೊಂಡ ವಿಷಯ ಹೇಳಿದರೆ, “ಮಗುನ ನೋಡ್ಕೋಬೇಕಲ್ವಾ ಸರ್? ಫ್ರೀ ದಿಂಬು ಕೊಟ್ಟಿದ್ದೀವಲ್ಲ, ಸುತ್ತ ಇಡಿ.” ಬಣ್ಣದಲ್ಲಿ ಸೀಸ (ಮೈಗೆ ವಿಷವಾಗುವ ಲೋಹ) ಇದೆಯಾ, ಡಬ್ಬಿ ತೋರಿಸಿ ಅಂದರೆ, “ಮಗು ಮರ ಯಾಕೆ ಕಚ್ಚುತ್ತೆ ಸರ್?” ನಾಳೆ ಎದ್ದು ನಿಂತಾಗ ಅದು ಮೊದಲು ಬಾಯಿ ಹಾಕೋದೇ ಮೇಲಿನ ಕಂಬಿಗೆ! ಕೊನೆಗೆ, “ಚೀಟಿ ನೋಡಿ ಸರ್, ಮಾರಿದ ಮಾಲು ವಾಪಸ್ ಇಲ್ಲ” ಅಂದು ಇಟ್ಟುಬಿಟ್ಟ. ಆಮೇಲೆ ಫೋನೇ ಎತ್ತಲಿಲ್ಲ.

ಆ ಫ್ರೀ ದಿಂಬು, ಸುತ್ತ ಕಟ್ಟುವ ಮೆತ್ತೆ ಎಲ್ಲ ತೆಗೆದುಹಾಕಿ ಅಂತ ಮಕ್ಕಳ ಡಾಕ್ಟರೇ ಹೇಳಿದರು. ಮೂಗು ಒತ್ತಿ ಉಸಿರು ಕಟ್ಟುತ್ತಂತೆ. ಗಟ್ಟಿ ಹಾಸಿಗೆ, ಬಿಗಿಯಾದ ಹೊದಿಕೆ, ಅಂಗಾತ ಮಲಗಿಸಬೇಕು, ಒಳಗೆ ಬೇರೇನೂ ಇರಬಾರದು. ಸುತ್ತ ಕಟ್ಟುವ ಆ ಮೆತ್ತೆಯನ್ನು ಅಮೆರಿಕದಲ್ಲಿ 2022ರಲ್ಲಿ ನಿಷೇಧಿಸಿದ್ದಾರೆ. ಪಕ್ಕ ಜಾರುವ ಕಾಟ್‌ಗಳ ಮಾರಾಟವನ್ನು ಅದಕ್ಕೂ ಮುಂಚೆ, 2011ರಲ್ಲೇ ನಿಲ್ಲಿಸಿದರು, ಅದೂ ಮಕ್ಕಳು ಸತ್ತ ಮೇಲೆ. ಇಲ್ಲಿ ಅದನ್ನೇ ‘ಹೊಸ ಮಾಡೆಲ್’ ಅಂತ ತೋರಿಸ್ತಾರೆ.

ಬೀರು ಕಥೆನೂ ಇದೇ. ಎರಡು ಡ್ರಾಯರ್ ಒಟ್ಟಿಗೆ ಎಳೆದರೆ ಮುಂದಕ್ಕೆ ವಾಲುತ್ತೆ. ಗೋಡೆಗೆ ಬಿಗಿಯೋ ಪಟ್ಟಿ ಅವರು ಕೊಟ್ಟೇ ಇಲ್ಲ. ಬಡಗಿಯೇ ಎಲ್ ಆಕಾರದ ಕ್ಲಾಂಪ್ ಹಾಕಿ ಗೋಡೆಗೆ ಹೊಡೆದರು.

ನೀವು ಹೋಗುವಾಗ ಟೇಪ್ ಹಿಡ್ಕೊಂಡೇ ಹೋಗಿ. ಪ್ರತಿ ಸಂದಿಯನ್ನೂ ಅಳೆಯಿರಿ, ಒಂದೇ ಅಳೆದು ಬಿಡಬೇಡಿ. ಹಾಸಿಗೆಗೂ ಕಟಕಟೆಗೂ ಮಧ್ಯೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಇರಬಾರದು. ಪಕ್ಕ ಜಾರುವ ಕಾಟ್ ಬೇಡವೇ ಬೇಡ. ಸ್ಕ್ರೂ ಬಿಚ್ಚಿ ಒಳಗಿನ ಮರ ತೋರಿಸಿ ಅನ್ನಿ. ಮುಖ ಗಂಟು ಹಾಕಿದರೆ ಎದ್ದು ಬನ್ನಿ. ಮನೆಗಳಿಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಅಂತ ನಮ್ಮ ದೇಶದಲ್ಲೇ 2017ರಿಂದ ನಿಯಮ ಜಾರಿಯಲ್ಲಿದೆ. ಅದಕ್ಕೇ ಬಣ್ಣದ ಡಬ್ಬಿ ಕೇಳಿ. ಬಿಲ್‌ನಲ್ಲಿ ಯಾವ ಮರ ಅಂತ ಬರೆಸಿ. ಬರೆಯಲ್ಲ ಅಂದರೆ ಅಲ್ಲೇ ಗೊತ್ತಾಯಿತಲ್ಲ.

‘ಮಾಲು ವಾಪಸ್ ಇಲ್ಲ’ ಅಂತ ಅಚ್ಚು ಹಾಕಿಸಿದ ಮಾತ್ರಕ್ಕೆ ದೋಷದ ಮಾಲಿಗೆ ಅವರು ಕೈ ತೊಳೆದುಕೊಳ್ಳೋ ಹಾಗಿಲ್ಲ. ಬಿಲ್ ಕೊಡದೇ ಇರೋದು, ದೋಷದ ಮಾಲು ವಾಪಸ್ ತಗೊಳ್ಳದೇ ಇರೋದು, ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಬರೆಯುತ್ತಿದ್ದೇನೆ. 5 ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಚೀಟಿ, ಟೇಪ್ ಹಿಡಿದ ಫೋಟೋ, ಹಣ ಕಳಿಸಿದ ಫೋನ್‌ಪೇ ದಾಖಲೆ, ಆ ಪುಡಿ, ಎಲ್ಲ ಇಟ್ಟುಕೊಂಡಿದ್ದೇನೆ. ಹೀಗೇ ಸಾಗವಾನಿ ಅಂತ ಹೇಳಿಸಿಕೊಂಡು ಕಾಟ್ ತಂದವರು ಇನ್ನೂ ಇದ್ದರೆ ನಿಮ್ಮ ಚೀಟಿ ಎಸೆಯಬೇಡಿ. ಇವತ್ತೇ ಒಂದು ಸ್ಕ್ರೂ ಬಿಚ್ಚಿ ನೋಡಿ.