ಎಟಿವಿಯ ಚಿಮಟಾ 4 ಇಂಚು ಉದ್ದ ಮಾಡಿಸಿದ ಮೇಲೆ ಹಾಕಿದ 520 ಎಕ್ಸ್-ರಿಂಗ್ ಚೈನು: 16 ತಿಂಗಳ ಬಳಕೆ

ಎಟಿವಿಗೆ (ರಸ್ತೆ ಇಲ್ಲದ ಕಡೆ ಓಡಿಸೋ ನಾಲ್ಕು ಚಕ್ರದ ಗಾಡಿ) ಚಿಮಟಾ, ಅಂದರೆ ಹಿಂದಿನ ಆಕ್ಸಲ್ ಹಿಡಿದಿರೋ ಸ್ವಿಂಗ್‌ಆರ್ಮ್, ಉದ್ದ ಮಾಡಿಸಬೇಕು ಅಂತಿರೋರು ವೆಲ್ಡಿಂಗ್ ಅಂಗಡಿಗೆ ಹೋಗೋ ಮುಂಚೆ ಇದನ್ನ ಓದಿ. ನಾನು ಚೈನಿನ ಲೆಕ್ಕ ಕೊನೆಗೆ ಹಾಕಿದೆ. ಮೊದಲು ಹಾಕಬೇಕಿತ್ತು. ಅದರಿಂದ ಒಂದು ಚೈನು ಹೋಯಿತು, ಒಂದು ಇಂಜಿನ್ ಕವರ್ ಒಡೆಯಿತು, ಒಂದು ದಿನ ಇಳಿಜಾರಿನಲ್ಲಿ ಜೀವ ಬಾಯಿಗೆ ಬಂದಿತ್ತು.

ನಮ್ಮದು ಧಾರವಾಡ, ಪುಣೆಗೆ ಬಂದು ಬಹಳ ವರ್ಷ ಆಯ್ತು. ಭಾವ ಮುಳಶಿ ಕಡೆ ಗುಡ್ಡದ ಪಕ್ಕ ಸ್ವಲ್ಪ ಜಮೀನು ತಗೊಂಡು ಮಾವಿನ ಸಸಿ ಹಾಕಿದ್ದಾರೆ. ನೀರಿನ ತೊಟ್ಟಿ ಕೆಳಗೆ, ಸಸಿಗಳು ಮೇಲೆ. ಅದಕ್ಕೇ ಹಳೇ 250 ಸಿಸಿ ಎಟಿವಿ ತಗೊಂಡಿದ್ದು. ಗಾಡಿಗೆ ನೋಂದಣಿ ಇಲ್ಲ, ರಸ್ತೆಗೆ ಇಳಿಸೋದೇ ಇಲ್ಲ, ಜಮೀನಿನ ಒಳಗೇ ಓಡಾಟ. ಹಿಂದಿನ ಕ್ಯಾರಿಯರ್ ಮೇಲೆ 35 ಲೀಟರಿನ ಎರಡು ಕ್ಯಾನ್ ನೀರು ಇಟ್ಟು ಏರು ಹತ್ತಿದರೆ ಮುಂದಿನ ಚಕ್ರ ನೆಲ ಬಿಡುತ್ತಿತ್ತು, ಯಾಕಂದ್ರೆ ಅಷ್ಟೂ ಭಾರ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಬೀಳುತ್ತಿತ್ತು. ಆಕ್ಸಲ್ಲನ್ನೇ ಹಿಂದಕ್ಕೆ ಸರಿಸಿದರೆ ಭಾರ ಅದರ ಮೇಲೇ ಕೂರುತ್ತೆ ಅಲ್ವಾ, ಅದಕ್ಕೆ ಚಿಮಟಾ ಉದ್ದ ಮಾಡಿಸೋದು ಅಂತ ಆಯ್ತು. ಇಲ್ಲಿ ಗ್ಯಾರೇಜಿನಲ್ಲಿ ಸ್ವಿಂಗ್‌ಆರ್ಮ್ ಅಂದರೆ ಕೆಲವರಿಗೆ ತಿಳಿಯಲ್ಲ, ಚಿಮಟಾ ಅನ್ನಿ, ಎಲ್ಲರಿಗೂ ಗೊತ್ತು.

ಭೋಸರಿಯಲ್ಲಿ ವೆಲ್ಡಿಂಗ್ ಮಾಡೋ ಒಬ್ಬರು ಇಂಡಿ ಕಡೆಯವರು, ನಮ್ಮ ಭಾಷೆಯವರೇ. ಕತ್ತರಿಸಿದ ಕೊಳವೆಯ ಒಳಗೆ ಇನ್ನೊಂದು ಕೊಳವೆ ತೂರಿಸಿ, ಹೊರಗಿನಿಂದ ಪಟ್ಟಿ ಕೊಟ್ಟು, ಚೆನ್ನಾಗಿ ಮಾಡಿಕೊಟ್ಟರು. ಇವತ್ತಿಗೂ ಎಲ್ಲೂ ಬಿರುಕಿಲ್ಲ. ಅವರೇ ಅವತ್ತು ಹೇಳಿದ್ದರು: "ಸರ್ರ, ಹಳೇ ಚೈನಿಗೆ ಹೊಸಾ ತುಂಡು ಕೂಡಿಸಬ್ಯಾಡ್ರಿ. ಒಂದ ನೊಗಕ್ಕ ಮುದಿ ಎತ್ತು, ಎಳೇ ಹೋರಿ ಕಟ್ಟಿದಂಗ ಆಕ್ಕೈತಿ." ನಾನು ಕೇಳಲಿಲ್ಲ. ಹಳೇ ಚೈನು ನೋಡೋಕೆ ಚೆನ್ನಾಗೇ ಇತ್ತು, ಸುಮ್ನೆ ಯಾಕೆ ಬಿಸಾಡೋದು ಅನ್ನಿಸಿತು.

14 ಕೊಂಡಿಯ ಹೊಸ ತುಂಡು ತಂದು ಎರಡು ಕಡೆ ಕ್ಲಿಪ್ ಲಾಕ್ (ಕ್ಲಿಪ್ ಸಿಕ್ಕಿಸಿ ಮುಚ್ಚೋ ಕೊಂಡಿ) ಹಾಕಿ ಜೋಡಿಸಿದೆ. ಗಾಡಿ ಹೊರಟ ಕೂಡಲೇ ಕಟ್... ಕಟ್... ಅಂತ ಒಂದು ಸದ್ದು. ಚೈನು ಒಂದು ಸುತ್ತು ಬಂದಾಗ ಒಂದು ಸಲ. ಹೊಸ ತುಂಡು ಸ್ಪ್ರಾಕೆಟ್ (ಚೈನು ಕೂರೋ ಹಲ್ಲಿನ ಚಕ್ರ) ಮೇಲೆ ಹತ್ತುವಾಗ ಬರೋ ಸದ್ದು ಅದು. ಯಾಕೆ ಅಂತ ಆಮೇಲೆ ಅಳೆದು ನೋಡಿದಾಗ ತಿಳಿಯಿತು. 520 ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 5/8 ಇಂಚು, ಅಂದರೆ 15.875 ಮಿಲಿಮೀಟರ್. 20 ಕೊಂಡಿಗೆ 317.5 ಬರಬೇಕು. ನನ್ನ ಹಳೇ ಚೈನು 322 ತೋರಿಸಿತು. ಚೈನು ಎಳೆದು ಉದ್ದ ಆಗೋದು ಅಂತೀವಿ, ನಿಜವಾಗಿ ಕಬ್ಬಿಣ ಹಿಗ್ಗೋದಲ್ಲ, ಪಿನ್ನು ಮತ್ತು ಅದು ಕೂರೋ ಬುಷ್ ಒಳಗೊಳಗೇ ಸವೆದು ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಜಾಗ ಬಿಟ್ಟುಕೊಳ್ಳುತ್ತೆ. ಸ್ಪ್ರಾಕೆಟ್ ಹಲ್ಲುಗಳೂ ಆ ಸವೆದ ಅಳತೆಗೇ ಒಗ್ಗಿಕೊಂಡಿರುತ್ತವೆ. ಅದರ ಮಧ್ಯ ಸರಿಯಾದ ಅಳತೆಯ 14 ಕೊಂಡಿ ಬಂದರೆ ಹಲ್ಲಿನ ಬುಡಕ್ಕೆ ಕೂರದೆ ಮೇಲೇ ನಿಲ್ಲುತ್ತೆ, ಇಡೀ ಎಳೆತ ಎರಡು ಮೂರು ಹಲ್ಲಿನ ಮೇಲೆ ಬೀಳುತ್ತೆ.

ಮೂರನೇ ವಾರ ಕ್ಲಿಪ್ ಹಾರಿತು. ಏರಿನ ಅರ್ಧದಲ್ಲಿದ್ದೆ, ಹಿಂದೆ ನೀರಿನ ಕ್ಯಾನು. ಚೈನು ಮುಂದಿನ ಸ್ಪ್ರಾಕೆಟ್ ಹತ್ತಿರ ಮುದ್ದೆಯಾಗಿ ಸಿಕ್ಕಿಕೊಂಡು ಕವರ್ ಸೀಳಿತು. ಗಾಡಿ ಹಿಂದಕ್ಕೆ ಜಾರೋಕೆ ಶುರು. ಚೈನೇ ಇಲ್ಲ ಅಂದಮೇಲೆ ಗೇರಿನಲ್ಲಿದ್ದರೂ ಇಂಜಿನ್ ಹಿಡಿಯಲ್ಲ. ಬ್ರೇಕ್ ಡಿಸ್ಕ್ ಹಿಂದಿನ ಆಕ್ಸಲ್ ಮೇಲೇ ಇರೋದರಿಂದ ಬ್ರೇಕ್ ಉಳಿದಿತ್ತು. ಭಾವ ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಅವತ್ತು ಡಿಸ್ಕ್ ಇಂಜಿನ್ ಕಡೆ ಇದ್ದಿದ್ದರೆ ಏನಾಗ್ತಿತ್ತು ಅಂತ ಈಗಲೂ ಯೋಚನೆ ಬರುತ್ತೆ. ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡೋ ದಿಕ್ಕಿಗೇ ಇತ್ತು, ಹಾಕಿದ್ದು ಸರಿಯಾಗೇ ಇತ್ತು. ಆದರೆ ಕಲ್ಲು, ಕೆಸರು, ಹೊಡೆತ ಇರೋ ಕಡೆ ಕ್ಲಿಪ್ ಸಾಲದು ಅನ್ನೋದು ನನ್ನ ಅಭಿಪ್ರಾಯ. ಅದೂ ಎರಡೆರಡು ಕ್ಲಿಪ್ ಖಂಡಿತ ಬೇಡ.

ಆಮೇಲೆ ಪುಣೆಯಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರೋ ನಾನಾ ಪೇಠ್‌ಗೆ ಹೋದೆ. ಎಟಿವಿ ಚೈನು ಕೇಳಿದರೆ ತಲೆ ಅಲ್ಲಾಡಿಸಿದರು. ಇಲ್ಲಿ ಒಂದು ಮಾತು ತಿಳಿದುಕೊಳ್ಳಿ: ಎಟಿವಿಗೆ ಅಂತಲೇ ಬೇರೆ ಚೈನು ಹುಡುಕೋದು ಬೇಕಿಲ್ಲ. ಬೈಕಿನ ಚೈನೇ ಆಗುತ್ತೆ, ನಂಬರ್ ಒಂದೇ ಇದ್ದರೆ ಸಾಕು. ಇಲ್ಲೇ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗೋ ಕೆಟಿಎಂ 390 ಡ್ಯೂಕ್‌ಗೂ 520 ಚೈನೇ, ಹಾಗಾಗಿ ಈ ಅಳತೆ ಪುಣೆಯಲ್ಲಿ ಸಿಗುತ್ತೆ. ಬೈಕಿಗೆ ಬೇಕಾಗೋ ಚೈನು ಎಟಿವಿಯದಕ್ಕಿಂತ ಉದ್ದ, ಇದು ನಮಗೆ ಅನುಕೂಲ. ನನ್ನ ಗಾಡಿಗೆ ಮೊದಲಿದ್ದದ್ದು 94 ಕೊಂಡಿ, ಉದ್ದ ಮಾಡಿದ ಮೇಲೆ ಬೇಕಾದದ್ದು 108. ಡಿಐಡಿ ಕಂಪನಿಯ 520 ವಿಎಕ್ಸ್3, 120 ಕೊಂಡಿಯ ಎಕ್ಸ್-ರಿಂಗ್ ಚೈನು ತಗೊಂಡೆ, ಅಂದರೆ ಒಳಗಿನ ಗ್ರೀಸ್ ಹೊರಗೆ ಬರದ ಹಾಗೆ ಕೊಂಡಿಗಳಿಗೆ ರಬ್ಬರ್ ರಿಂಗ್ ಇರೋದು. ಜೊತೆಗೆ ಮುಂದಿನ, ಹಿಂದಿನ ಸ್ಪ್ರಾಕೆಟ್ ಎರಡೂ ಹೊಸದು. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನು ಹಾಕಿದರೆ ಮತ್ತೆ ಅದೇ ಕಥೆ.

ಈಗ ಲೆಕ್ಕ. ಚಿಮಟಾ 1 ಇಂಚು ಉದ್ದವಾದರೆ ಚೈನು 2 ಇಂಚು ಜಾಸ್ತಿ ಬೇಕು, ಮೇಲೊಂದು ಸಾಲು, ಕೆಳಗೊಂದು ಸಾಲು. 520ರಲ್ಲಿ 2 ಇಂಚಿಗೆ 3.2 ಕೊಂಡಿ. ನನ್ನ 4 ಇಂಚಿಗೆ 12.8 ಕೊಂಡಿ. ಆದರೆ ಚೈನಿನಲ್ಲಿ ಅಗಲ ಕೊಂಡಿ, ಕಿರಿದು ಕೊಂಡಿ ಒಂದರ ನಂತರ ಒಂದು ಬರುತ್ತವೆ, ಆದ್ದರಿಂದ ಸರಿ ಸಂಖ್ಯೆಯಲ್ಲೇ ಕೂಡಿಸಬೇಕು. ಅರ್ಧ ಕೊಂಡಿ ಅಂತ ಒಂದು ಬರುತ್ತೆ, ಅದು ದುರ್ಬಲ, ಇಂಥ ಕೆಲಸಕ್ಕೆ ಬೇಡ. ಹಾಗಾಗಿ 12 ಇಲ್ಲಾ 14. 12 ಹಾಕಿದರೆ ಆಕ್ಸಲ್ 6 ಮಿಲಿಮೀಟರ್ ಮುಂದೆ ಬರಬೇಕು, ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇರಲಿಲ್ಲ. 14 ಹಾಕಿದರೆ ಸುಮಾರು 9.5 ಮಿಲಿಮೀಟರ್ ಹಿಂದೆ ಹೋಗಬೇಕು. ಅದನ್ನೇ ಮಾಡಿದೆ, ಹೊಸ ಚೈನು ಹಾಕಿದ ದಿನವೇ ಅಡ್ಜಸ್ಟರ್‌ನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಖರ್ಚಾಯಿತು. ಅದೇ ಚಿಮಟಾ 5 ಇಂಚು ಉದ್ದ ಮಾಡಿಸಿದ್ದರೆ ಲೆಕ್ಕ ಸರಿಯಾಗಿ 16 ಕೊಂಡಿಗೆ ಕೂರುತ್ತಿತ್ತು, ಆಕ್ಸಲ್ ಇದ್ದ ಜಾಗದಲ್ಲೇ ಇರುತ್ತಿತ್ತು. 428 ಚೈನು ಇರೋ ಚಿಕ್ಕ ಎಟಿವಿಯವರಿಗೆ ಈ ತಲೆಬಿಸಿ ಇಲ್ಲ, ಅದರಲ್ಲಿ ಕೊಂಡಿಗೆ ಅರ್ಧ ಇಂಚು, ಚಿಮಟಾ ಅರ್ಧ ಇಂಚು ಬೆಳೆದರೆ ಸರಿಯಾಗಿ 2 ಕೊಂಡಿ. ಯಾವುದೇ ಇರಲಿ, ಮೊದಲು ಕೊಂಡಿ ಎಣಿಸಿ, ಆಮೇಲೆ ಚಿಮಟಾ ಕತ್ತರಿಸಿ.

120ರಿಂದ 108ಕ್ಕೆ ಇಳಿಸೋಕೆ ಪಿನ್ನಿನ ತಲೆ ಗ್ರೈಂಡರ್‌ನಲ್ಲಿ ಸವೆಸಿ, ಚೈನ್ ಕಟರ್‌ನಿಂದ ಪಿನ್ನು ತಳ್ಳಿದೆವು. ಪಕ್ಕದ ಕೊಂಡಿಗಳಿಗೆ ಒದ್ದೆ ಬಟ್ಟೆ ಸುತ್ತಿದ್ದೆ, ಕಿಡಿ ಬಿದ್ದರೆ ರಬ್ಬರ್ ರಿಂಗ್ ಸುಡುತ್ತೆ. ಎರಡೂ ತುದಿಗೆ ಕಿರಿದು ಕೊಂಡಿಯೇ ಉಳಿಯಬೇಕು, ಜೋಡಿಸೋ ರಿವೆಟ್ ಕೊಂಡಿ (ಕ್ಲಿಪ್ ಬದಲು ಪಿನ್ನಿನ ತಲೆ ಅರಳಿಸಿ ಮುಚ್ಚೋದು) ಸೇರಿ 108. ಅದರ ಪಟ್ಟಿ ಒತ್ತುವಾಗ ವರ್ನಿಯರ್ ಹಿಡಿದು ಪಕ್ಕದ ಕೊಂಡಿಯ ಅಗಲಕ್ಕೆ ಸಮ ಬರೋವರೆಗೆ ಮಾತ್ರ ಒತ್ತಿ. ಜಾಸ್ತಿ ಒತ್ತಿದರೆ ಕೊಂಡಿ ಬಿಗಿಯಾಗಿ ಮಡಚೋದೇ ಇಲ್ಲ.

ಚೈನಿನ ಸಡಿಲ, ಅಂದರೆ ಅದು ಮೇಲೆ ಕೆಳಗೆ ಆಡೋ ಜಾಗ, ಎಷ್ಟಿರಬೇಕು ಅನ್ನೋದು ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ ವಿಷಯ. ಮೊದಲಿನ ಹಾಗೆ 30 ಮಿಲಿಮೀಟರ್ ಬಿಟ್ಟೆ. ಕ್ಯಾನು ಇಟ್ಟು ಕೂತ ಕೂಡಲೇ ಚೈನು ತಂಬೂರಿ ತಂತಿ ಹಾಗೆ ಬಿಗಿಯಾಯಿತು. ಮುಂದಿನ ಸ್ಪ್ರಾಕೆಟ್, ಚಿಮಟಾದ ಬುಡದ ಬೋಲ್ಟು, ಹಿಂದಿನ ಆಕ್ಸಲ್, ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ. ಸಡಿಲ ನೋಡಬೇಕಾದದ್ದು ಆಗ. ನಾವು ಬೆಲ್ಟ್ ಹಾಕಿ ಹಿಂಭಾಗ ಕೆಳಗೆ ಎಳೆದು, ಮೂರೂ ಒಂದು ಗೆರೆಗೆ ತಂದು, ಅಲ್ಲಿ 15 ಮಿಲಿಮೀಟರ್ ಬಿಟ್ಟೆವು. ಬೆಲ್ಟ್ ಬಿಚ್ಚಿ ಗಾಡಿ ಎದ್ದು ನಿಂತ ಮೇಲೆ ಅಳೆದರೆ 45 ಬಂತು. ಈಗ ಮಡ್‌ಗಾರ್ಡ್ ಒಳಗೆ ಬಿಳಿ ಪೇಂಟಿನಲ್ಲಿ 45 ಅಂತ ಬರೆದಿದೆ, ಯಾರು ಅಡ್ಜಸ್ಟ್ ಮಾಡಿದರೂ ಅದೇ. ನಿಮ್ಮ ಗಾಡಿಗೆ ಬೇರೆ ಬರುತ್ತೆ, ನನ್ನ ಅಂಕಿ ತಗೋಬೇಡಿ.

ಶಾಕಪ್ ಬಗ್ಗೆ ಯಾರೂ ಮುಂಚೆ ಹೇಳಿರಲಿಲ್ಲ. ಶಾಕಪ್ ಕೂರೋ ಜಾಗ ಹಳೇದೇ, ಚಿಮಟಾ ಮಾತ್ರ 16 ಇಂಚಿನಿಂದ 20 ಆಯ್ತು. ಸನ್ನೆಗೋಲು ಉದ್ದವಾದ ಹಾಗೆ. ಚಕ್ರದ ಕಡೆಯಿಂದ ನೋಡಿದರೆ ಸ್ಪ್ರಿಂಗಿನ ಗಡಸು 100 ಇದ್ದದ್ದು 64ಕ್ಕೆ ಇಳಿಯುತ್ತೆ. ಭಾರ ಹೇರಿದಾಗ ಹಿಂಭಾಗ ಕುಸಿದು ಕೂರುತ್ತಿತ್ತು, ಗಡಸು ಸ್ಪ್ರಿಂಗ್ ಹಾಕಿಸಬೇಕಾಯಿತು. ಬ್ರೇಕಿನ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು ಕೂಡ ಉದ್ದದ್ದು ಬೇಕು, ಅದನ್ನ ಮರೀಬೇಡಿ. ತಿರುವಿಗೆ ಜಾಗವೂ ಜಾಸ್ತಿ ಬೇಕು.

ಮೊದಲ ತಿಂಗಳಲ್ಲಿ ಚೈನು ತೊಳೀತಾ ಕೂತಾಗ ಚಿಮಟಾದ ಮೇಲ್ಭಾಗದಲ್ಲಿ, ವೆಲ್ಡಿಂಗ್ ಗೆರೆಯಿಂದ ನಾಲ್ಕು ಬೆರಳು ಆಚೆ, ಪೇಂಟ್ ಹೋಗಿ ಬೆಳ್ಳಗೆ ಹೊಳೀತಿದ್ದ ಒಂದು ಗೀರು ಕಂಡಿತು. ಉಗುರು ಆಡಿಸಿದರೆ ಸಣ್ಣ ತಗ್ಗು. ಉದ್ದದ ಚೈನು ಕುಣಿದು ಅಲ್ಲಿ ಬಡೀತಿತ್ತು. ಹಳೇ ರಬ್ಬರ್ ಪಟ್ಟಿ ಮೊದಲಿನ ಜಾಗದಲ್ಲೇ ಇತ್ತು, ಹೊಸದಾಗಿ ಸೇರಿದ 4 ಇಂಚಿಗೆ ಏನೂ ಇರಲಿಲ್ಲ. ಭೋಸರಿಯಲ್ಲೇ ನೈಲಾನ್ ತುಂಡು ಕಡೆಸಿ ಎರಡು ಸ್ಕ್ರೂ ಹಾಕಿ ಕೂರಿಸಿದೆವು, ಕೆಳಗಿನ ಸಾಲಿಗೆ ಒಂದು ರೋಲರ್ ಕೂಡ. ಈಗ ಬಡಿತ ನೈಲಾನ್ ತಿನ್ನುತ್ತೆ, ಕಬ್ಬಿಣ ಉಳಿಯಿತು. ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು ಅನ್ನಿಸುತ್ತೆ.

ಚೈನಿನ ವಿಷಯಕ್ಕೆ ಬಂದರೆ ನನಗೆ ಪೂರ್ತಿ ತೃಪ್ತಿ. ಎರಡು ಮಳೆಗಾಲ ಕಂಡಿದೆ, ಮುಳಶಿಯ ಮಳೆ ಗೊತ್ತಿರೋರಿಗೆ ಇದರ ಅರ್ಥ ಗೊತ್ತು. ಕೆಂಪು ಕೆಸರು ಅರೆದ ಗಸಿಯ ಹಾಗೆ ಕೊಂಡಿ ಕೊಂಡಿಯ ಮಧ್ಯ ತುಂಬುತ್ತೆ. ಒಳಗಿನ ಗ್ರೀಸನ್ನ ಎಕ್ಸ್-ರಿಂಗ್ ಕಾಯುತ್ತೆ, ಹೊರಗಿನದನ್ನ ನಾವು ನೋಡಿಕೊಳ್ಳಬೇಕು. ಕೆಲಸ ಮುಗಿದ ದಿನವೇ ಸೀಮೆಎಣ್ಣೆ, ಮೆತ್ತನೆ ಬ್ರಷ್, ಒಣ ಬಟ್ಟೆ, ಆಮೇಲೆ 80ಡಬ್ಲ್ಯು-90 ಗೇರ್ ಆಯಿಲ್. ಪೆಟ್ರೋಲ್ ಹಾಕಬೇಡಿ, ತಂತಿ ಬ್ರಷ್ ಬೇಡವೇ ಬೇಡ, ರಿಂಗ್ ಹರಿಯುತ್ತೆ. ಮೊನ್ನೆ 20 ಕೊಂಡಿ ಅಳೆದೆ: 319.2. ಅಂದರೆ ಅರ್ಧ ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. ಹಳೇ ಮಾಮೂಲಿ ಚೈನು ಇದಕ್ಕಿಂತ ಕಮ್ಮಿ ಸಮಯದಲ್ಲಿ 322 ಮುಟ್ಟಿತ್ತು. 16 ತಿಂಗಳಲ್ಲಿ ಬಿಗಿ ಮಾಡಿದ್ದು ನಾಲ್ಕು ಸಲ. ಅಡ್ಜಸ್ಟರ್‌ನಲ್ಲಿ ಇನ್ನೂ 10 ಮಿಲಿಮೀಟರ್ ಉಳಿದಿದೆ, ಈ ಚೈನಿನ ಆಯಸ್ಸಿಗೆ ಅದು ಸಾಕಾಗುತ್ತೆ.

ಬೆಲೆ ಮಾಮೂಲಿ ಚೈನಿಗಿಂತ ತುಂಬಾ ಜಾಸ್ತಿ, ಒಪ್ಪುತ್ತೇನೆ. ರಿವೆಟ್ ಮಾಡೋ ಸಾಧನವೂ ಬೇಕು, ದಾರಿ ಮಧ್ಯ ಬಿಚ್ಚಿ ಹಾಕೋಕೆ ಆಗಲ್ಲ. ತೋಟದಲ್ಲಿ ಭಾರ ಹೇರದೆ ಸುಮ್ನೆ ಓಡಾಡೋರಿಗೆ ಒಳ್ಳೇ ಮಾಮೂಲಿ 520 ಸಾಕು, ಆದರೆ ಅದನ್ನೂ ಒಂದೇ ಉದ್ದದ್ದು ತಗೊಂಡು ಕತ್ತರಿಸಿ, ತುಂಡು ಕೂಡಿಸಬೇಡಿ. ಕತ್ತರಿಸಿ ಉಳಿದ 12 ಕೊಂಡಿ ನನ್ನ ಹತ್ತಿರ ಡಬ್ಬಿಯಲ್ಲಿವೆ. ಅಳತೆ ಹೋಲಿಸಿ ನೋಡೋಕೆ ಮಾತ್ರ ಇಟ್ಟಿದ್ದೇನೆ.

ಹಿಂದಿನ ಸ್ಪ್ರಾಕೆಟ್ ಹಲ್ಲಿನ ಎಡಬದಿ ಬಲಬದಿಗಿಂತ ಸ್ವಲ್ಪ ಜಾಸ್ತಿ ಹೊಳೀತಾ ಇದೆ. ಚಿಮಟಾ ಕೂದಲೆಳೆಯಷ್ಟು ವಾರೆ ಇರಬೇಕು. ದಾರ ಕಟ್ಟಿ ನೋಡಿದರೆ 1 ಮಿಲಿಮೀಟರ್ ವ್ಯತ್ಯಾಸ ಬಂತು. ಬರೋ ಭಾನುವಾರ ಸ್ಪ್ರಾಕೆಟ್ ಹಿಂದೆ 1 ಮಿಲಿಮೀಟರ್ ವಾಷರ್ ಕೊಟ್ಟು, ಮತ್ತೆ ದಾರ ಕಟ್ಟಿ ನೋಡುತ್ತೇನೆ.